ನಡುಮನೆಯ ಒಂದೇ ಕೊಂಡಿಯ ಮೇಲೆ ಹಂಗಾಮಿಯಾಗಿರುವ ಫ್ಯಾನ್ ಮಹಾಶಯರಿಗೆ

ರಾಜಾಜಿನಗರ, ಬೆಂಗಳೂರು
ಶ್ರಾವಣ ಮಾಸ, ೧೯೭೪

ಮಾನ್ಯರೇ,

ತಮ್ಮ ಪಾದಾರವಿಂದಗಳಿಗೆ ನಮಸ್ಕಾರಗಳು ಎಂದು ಆರಂಭಿಸಲು ಲೇಖನಿ ಎತ್ತಿದವನಿಗೆ, ತಮಗೆ ಪಾದಗಳೇ ಇಲ್ಲವೆಂಬುದೂ ಕಳೆದ ವಾರದಿಂದ ರೆಕ್ಕೆಗಳೂ ಇಲ್ಲವೆಂಬುದೂ ನೆನಪಾಗಿ, ಸುಮ್ಮನೆ ತಲೆಯೆತ್ತಿ ಕೈಮುಗಿದಿದ್ದೇನೆ; ಕೈಮುಗಿದುಕೊಂಡೇ ಬರೆಯಲು ಬಾರದ್ದರಿಂದ ಈಗ ಕೈ ಬಿಡಿಸಿಕೊಂಡಿದ್ದೇನೆ, ಮನ್ನಿಸಬೇಕು. ತಾವು ಮೇಲೆಯೂ ನಾನು ಕೆಳಗೂ ಕ್ಷೇಮ. ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿರುವುದೇಕೆಂದರೆ, ಬೀದಿಯಲ್ಲಿ ಹೋಗುವವರೆಲ್ಲ ನಮ್ಮ ಕಿಟಕಿಯಲ್ಲಿ ಇಣುಕಿ, "ಏನ್ ಸಾರ್, ನಿಮ್ಮ ಫ್ಯಾನಿಗೆ ರೆಕ್ಕೆನೇ ಇಲ್ಲ, ಸುಮ್ನೆ ಮುಂಡ ತಿರುಗ್ತಾ ಇದೆ?" ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ನನ್ನ ಗಂಟಲು ಒಣಗಿದೆ. ಆದ್ದರಿಂದ ವಿದ್ ಆಲ್ ಡ್ಯೂ ರೆಸ್ಪೆಕ್ಟ್, ತಮ್ಮ ಮೇಲಿನ ನನ್ನ ದೂರನ್ನು ತಮಗೇ ಸಲ್ಲಿಸಿ, ಅದರ ನಕಲನ್ನು ಗೇಟಿಗೆ ಅಂಟಿಸುವವನಿದ್ದೇನೆ.

ನಾನು ಸೇತುರಾಮ, ನಿವೃತ್ತ ಹೆಡ್ ಗುಮಾಸ್ತ, ಬಿ.ಎ. ಪರೀಕ್ಷೆಯ ಇಂಗ್ಲಿಷಿಗೆ ಒಂದಕ್ಕಿಂತ ಹೆಚ್ಚು ಸಲ ಕೂತು ಆ ಭಾಷೆಯನ್ನು ಬೇರೆಯವರಿಗಿಂತ ಹೆಚ್ಚು ಕಾಲ ಅಭ್ಯಾಸ ಮಾಡಿದವನು. ತಾವು ಹಿಡಿದು ಕೂತಿರುವ ಹುದ್ದೆಯ, ಅಂದರೆ ಆ ಕೊಂಡಿಯ, ಪೂರ್ವಚರಿತ್ರೆಯನ್ನು ತಮಗೆ ಜ್ಞಾಪಿಸುವುದು ನನ್ನ ಕರ್ತವ್ಯ. ಈ ಮನೆಗೆ ತಾರಸಿ ಹಾಕುವ ದಿನ ನನ್ನ ಹೆಂಡತಿ ಅಂಬುಜಾ, ಮೇಸ್ತ್ರಿ ವೆಂಕಟಸ್ವಾಮಿಗೆ ಕಾಫಿ ಕೊಡುತ್ತ, "ನಡುಮನೆ ಮಧ್ಯಕ್ಕೆ ಗಟ್ಟಿಯಾಗಿ ಒಂದು ಕೊಂಡಿ ಬಿಡಪ್ಪಾ, ನಾಳೆ ಮೊಮ್ಮಗು ಮಲಗಬೇಕು" ಎಂದಳು. ಆಗ ನಮ್ಮ ಮಗಳು ಪಂಕಜಾ ಎರಡು ಜಡೆ ಹಾಕಿಕೊಂಡು ಮರಳಿನ ಗುಡ್ಡೆಯ ಮೇಲೆ ಜಾರುತ್ತಿದ್ದಳು. ಮೇಸ್ತ್ರಿ ಅವಳನ್ನೊಮ್ಮೆ ನೋಡಿ, "ಅಮ್ಮಾವ್ರೇ, ಮಗೀಗೇ ಇನ್ನೂ ಮೂಗು ಒರೆಸಬೇಕು, ಆಗ್ಲೇ ಮೊಮ್ಮಗೀಗೆ ಕೊಂಡಿನಾ?" ಎಂದು ನಕ್ಕು, ಆದರೂ ಆನೆ ಕಟ್ಟುವಂಥ ಕೊಂಡಿ ಬಿಟ್ಟ. ಇಡೀ ಮನೆಗೆ ಅದೊಂದೇ ಕೊಂಡಿ. ಅದರ ಮೇಲೆ ಇನ್ನೂ ಹುಟ್ಟದೇ ಇದ್ದ ಮಗುವಿಗೆ ಲೀಯನ್, ಅಂದರೆ ಹುದ್ದೆಯ ಮೂಲ ಹಕ್ಕು, ಇತ್ತು. ನನ್ನ ಮಾತಿನಲ್ಲಿ ನಂಬಿಕೆಯಿಲ್ಲದಿದ್ದರೆ ಯಾವುದಾದರೂ ಸರ್ಕಾರಿ ಕಚೇರಿಯ ಫ್ಯಾನನ್ನು ವಿಚಾರಿಸಬಹುದು.

ಹೀಗಿರುವಲ್ಲಿ ನಾನು ನಿವೃತ್ತನಾದೆ, ಕಚೇರಿಯವರು ಹಾರದ ಜೊತೆಗೆ ತಮ್ಮನ್ನು ಕೊಟ್ಟರು. ಬೆಂಗಳೂರಿನಲ್ಲಿ ಫ್ಯಾನ್ ಎಂದರೆ ಕಾಶಿಯಲ್ಲಿ ಕುಳಿತವನಿಗೆ ತೀರ್ಥದ ಬಾಟಲಿ ಕಳಿಸಿದ ಹಾಗೆ. ವಾಪಸ್ಸು ಮಾಡುವುದು ಮರ್ಯಾದೆಯಲ್ಲವೆಂದು ತಂದೆ. ಅಂಬುಜಾ ತಮ್ಮನ್ನು ಮೇಲಿಂದ ಕೆಳಗೆ ನೋಡಿ, "ಮೊಮ್ಮಗು ಬರೋತನಕ ನೇತಾಡ್ಕೊಂಡಿರ್ಲಿ ಬಿಡಿ" ಎಂದಳು. ಮಾನ್ಯರೇ, ಅದೇ ತಮ್ಮ ನೇಮಕಾತಿ ಆದೇಶ. ಖಾಯಂ ಅಲ್ಲ, ಹಂಗಾಮಿ. ಆಮೇಲೆ ಅವಳಿಗೆ ಕಾಯಿಲೆಯಾಗಿ ತಮ್ಮ ಕೆಳಗೇ ಮಂಚ ಹಾಕಿಸಿಕೊಂಡಾಗ, ತಮ್ಮ ಹೊಟ್ಟೆಯೊಳಗಿಂದ ಸುತ್ತಿಗೊಂದು ಟಕ್ ಎಂಬ ಸದ್ದು ಹೊರಡಲಾರಂಭಿಸಿತು. ನಾನು ಎಣ್ಣೆ ಬಿಡಿಸುತ್ತೇನೆಂದರೆ ಅವಳು ಬಿಡಲಿಲ್ಲ. "ಇರ್ಲಿ ಕಣ್ರೀ, ಅಡಿಗೆಮನೇಲಿ ಯಾರೋ ಓಡಾಡ್ತಾ ಇದಾರೆ ಅನ್ಸತ್ತೆ, ನಿದ್ದೆ ಬರತ್ತೆ" ಎಂದಳು. ಅವಳು ಹೋಗಿ ಮೂರು ವರ್ಷವಾಯಿತು, ಎಣ್ಣೆ ಇನ್ನೂ ಬಿಟ್ಟಿಲ್ಲ. ಇದನ್ನು ದೂರಿನ ಭಾಗವಾಗಿ ಪರಿಗಣಿಸಬೇಕಾಗಿಲ್ಲ; ಫಾರ್ ಇನ್ಫರ್ಮೇಷನ್ ಓನ್ಲಿ.

ಈಗ ವಿಷಯಕ್ಕೆ ಬರುತ್ತೇನೆ. ಪಂಕಜಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುತ್ತೇನೆಂದಾಗ ಕೆಂಗೇರಿಯ ಬೀಗಿತ್ತಿ ಪುಟ್ಟಲಕ್ಷ್ಮಮ್ಮನವರು ಅಡ್ಡಗಾಲು ಹಾಕಿದರು. "ಬೀಗರೇ, ತಪ್ಪು ತಿಳ್ಕೋಬೇಡಿ, ನಿಮ್ಮನೇಲಿ ಹೆಣ್ಣುದಿಕ್ಕಿಲ್ಲ. ಬಾಣಂತನ ಅಂದ್ರೆ ಪೇಪರ್ ಓದಿದ ಹಾಗಲ್ಲ" ಎಂದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ನಾಮಕರಣಕ್ಕೆ ಬಂದಾಗ ಮಗು ಹಗಲು ಎಲ್ಲಿ ಮಲಗುತ್ತದೆ, ರಾತ್ರಿ ಎಲ್ಲಿ ಮಲಗುತ್ತದೆ ಎಂಬುದನ್ನು ಕಣ್ಣಾರೆ ಕಾಣುವುದು; ಸರಿಯಿದ್ದರೆ ತಾಯಿ ಮಗು ಐದನೇ ತಿಂಗಳವರೆಗೆ ಇಲ್ಲೇ ಇರುವುದು, ಇಲ್ಲವಾದರೆ ಮರುದಿನವೇ ಕೆಂಗೇರಿ. ಇಂಥ ಇನ್‌ಸ್ಪೆಕ್ಷನ್ ನನ್ನ ಸರ್ವೀಸಿನಲ್ಲೇ ಬಂದಿರಲಿಲ್ಲ.

ಹುಟ್ಟಿದ್ದು ಹೆಣ್ಣು ಮಗು, ಎಲ್ಲರೂ ಪುಟ್ಟಿ ಎನ್ನುತ್ತೇವೆ. ಆಸ್ಪತ್ರೆಯಿಂದ ಬಂದದ್ದೇ ಒಳಕೋಣೆಯಲ್ಲಿ ತಾಯಿಯ ಪಕ್ಕ ಮಲಗಿತು. ಹಗಲೂ ಮಲಗಿತು, ರಾತ್ರಿಯೂ ಮಲಗಿತು, ಹಾಲಿಗೆ ಏಳುವುದು, ಮತ್ತೆ ಮಲಗುವುದು. ನೀರೆರೆಯಲು ಬರುವ ಮುನಿಲಕ್ಷ್ಮಮ್ಮ ಮಗುವನ್ನು ಮೊರದಲ್ಲಿ ಕೌದಿ ಹಾಸಿ ಮಲಗಿಸುತ್ತಿದ್ದಳಾದ್ದರಿಂದ ಕೀರ್ತಿಯೆಲ್ಲ ಮೊರದ್ದೆಂದಳು: "ಯಜಮಾನ್ರೇ, ಮೊರದಾಗೆ ಮಲಗ್ಸಿದ್ ಕೂಸು ಅತ್ತಿದ್ದ ನಾನಂತೂ ಕಾಣೆ." ಕೆಂಗೇರಿಯಿಂದ ಬಂದ ಅಳಿಯಂದಿರು, ಆ ಕೌದಿಯನ್ನು ಹೊಲಿದದ್ದು ಅವರ ತಾಯಿಯೆಂದು ಎರಡು ಸಲ ಹೇಳಿ ಹೋದರು. ನಾನಾದರೋ, ಸಂಜೆ ಬಾಗಿಲಾಚೆ ನಿಂತು ಕಾಲೇಜಿನಲ್ಲಿ ಕಲಿತ ಇಂಗ್ಲಿಷ್ ಪದ್ಯವೊಂದರ ಮೊದಲೆರಡು ಸಾಲುಗಳನ್ನು, ಮೂರನೆಯದು ಮರೆತಿರುವುದರಿಂದ, ಮತ್ತೆ ಮತ್ತೆ ಹೇಳುತ್ತಿದ್ದೆನಾಗಿ, ಅದರ ಪ್ರಭಾವವೆಂದೇ ನಂಬಿದ್ದೆ. ಪಂಕಜಾ ಮಾತ್ರ, "ಅಪ್ಪಾ, ಆ ಪದ್ಯಕ್ಕೆ ನನಗೆ ನಿದ್ದೆ ಬರ್ತಿದೆ, ಅವಳ ವಿಷಯ ಗೊತ್ತಿಲ್ಲ" ಎಂದಳು. ತಮ್ಮ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದ್ದು ಬೈಯಲು ಮಾತ್ರ. "ಬಾಣಂತಿ ಇರೋ ಮನೇಲಿ ಆ ಗಾಳಿ ಚಕ್ರ ತಿರುಗಿಸ್ತೀರಲ್ಲ, ಕಿವಿಗೆ ಗಾಳಿ ಹೋದ್ರೆ ಯಾರ್ ಬಂದಾರು?" ಎಂದು ಮುನಿಲಕ್ಷ್ಮಮ್ಮ ಗದರಿದ್ದರಿಂದ ನಾನು ಒಳಕೋಣೆಯ ಬಾಗಿಲು ಮುಚ್ಚಿ, ನಡುಮನೆಯಲ್ಲಿ ತಮ್ಮನ್ನು ಒಂದನೇ ನಂಬರಿಗೆ ಇಳಿಸಿ, ಕಳ್ಳನ ಹಾಗೆ ಹಗಲೂ ರಾತ್ರಿಯೂ ಕೆಳಗೆ ಮಲಗುತ್ತಿದ್ದೆ. ಅಭ್ಯಾಸ ಬಿಡಲಾಗುತ್ತದೆಯೇ?

ನಾಮಕರಣ ಹತ್ತಿರ ಬಂತು, ಇನ್‌ಸ್ಪೆಕ್ಷನ್ನೂ ಹತ್ತಿರ ಬಂತು. ಹಗಲು ಮಗು ನಡುಮನೆಯ ತೊಟ್ಟಿಲಲ್ಲಿ, ರಾತ್ರಿ ತಾಯಿಯ ಮಗ್ಗುಲಲ್ಲಿ ಎಂದು ತೀರ್ಮಾನಿಸಿ, ಪಂಕಜಾ ಮಗುವಾಗಿದ್ದಾಗ ಮಲಗಿದ್ದ ತೊಟ್ಟಿಲನ್ನೇ ಅಟ್ಟದಿಂದ ಇಳಿಸಿ ತೊಳೆದು ಒರೆಸಿದೆ. ನೇತುಹಾಕಲು ಕೊಂಡಿ ನೋಡಿದರೆ ತಾವು. ಮೂಲ ಅಭ್ಯರ್ಥಿ ಹಾಜರಾದ ಮೇಲೆ ಹಂಗಾಮಿಯವರು ಜಾಗ ಖಾಲಿ ಮಾಡುವುದು ನಿಯಮವಷ್ಟೆ. ನಾಮಕರಣದ ಬೆಳಿಗ್ಗೆಯೇ ಎಲೆಕ್ಟ್ರಿಕ್ ಕೆಲಸದ ನಾಗರಾಜು ಬಂದು ತಮ್ಮ ರೆಕ್ಕೆ ಬಿಚ್ಚಿ, ತಮ್ಮನ್ನು ಇಳಿಸಿ, "ಎಲ್ಲಿಡ್ಲಿ ಸಾರ್?" ಎಂದ. ಬೇರೆ ಜಾಗವಿಲ್ಲದೆ ನನ್ನ ಮಂಚದ ಮೇಲೆ ಮಲಗಿಸಿ, ದೂಳು ಕೂರದಂತೆ ಟವೆಲ್ ಹೊದಿಸಿದೆ. ಇನ್ನು ನನ್ನ ಹಾಸಿಗೆ ನೆಲದ ಮೇಲೆ ಎಂದುಕೊಂಡೆ.

ನಾಮಕರಣದ ದಿನ ನಮ್ಮಲ್ಲಿ ಮಗುವಿಗಿಂತ ಮುಂಚೆ ರುಬ್ಬುವ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವ ಪದ್ಧತಿ, ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಒರಳಿನಿಂದ ಕಲ್ಲನ್ನು ಎತ್ತಿ, ಎಣ್ಣೆ ಹಚ್ಚಿ, ಕುಲಾವಿ ತೊಡಿಸಿ ತೂಗಿದರು. ಏನು ನಿದ್ದೆ ಮಾನ್ಯರೇ ಆ ಕಲ್ಲಿನದು! ಹೊರಳಲಿಲ್ಲ, ನರಳಲಿಲ್ಲ. ಪುಟ್ಟಲಕ್ಷ್ಮಮ್ಮನವರು ಕೊಂಡಿಯನ್ನೂ ಹಗ್ಗವನ್ನೂ ಎಳೆದು ನೋಡಿ ತಲೆದೂಗಿದರು. ನಂತರ ಕಲ್ಲನ್ನು ತೆಗೆದು ಪುಟ್ಟಿಯನ್ನು ಮಲಗಿಸಿದರು. ಹೆಸರು ಕೂಗಿ ಮುಗಿಯುವ ಮೊದಲೇ ಅದು ಕೂಗತೊಡಗಿತು.

ಕೂಗತೊಡಗಿದ್ದು ನಿಲ್ಲಲಿಲ್ಲ. ತೊಟ್ಟಿಲಿಂದ ಮೊರಕ್ಕೆ, ಮೊರದಿಂದ ಕೌದಿಗೆ, ಕೌದಿಯಿಂದ ಸೀರೆಯ ಜೋಲಿಗೆ, ಅಲ್ಲಿಂದ ಒಬ್ಬೊಬ್ಬರ ಹೆಗಲಿಗೆ ವರ್ಗವಾಯಿತು. ಮುನಿಲಕ್ಷ್ಮಮ್ಮ ದೃಷ್ಟಿ ತೆಗೆದಳು. ಬಜೆ ನೆಕ್ಕಿಸಿದರು. ನಾನು ಪದ್ಯದ ಎರಡೂ ಸಾಲುಗಳನ್ನು ಹೇಳಿ, ಧೈರ್ಯ ಮಾಡಿ ಮೂರನೆಯದನ್ನು ಸ್ವಂತವಾಗಿ ರಚಿಸಿಯೂ ಹೇಳಿದೆ; ಅಳು ಹೆಚ್ಚಾಯಿತು. ತೊಟ್ಟಿಲು ಬರಿದಾಗಿರಬಾರದೆಂದು ಯಾರೋ ಕಲ್ಲನ್ನು ಮತ್ತೆ ಅದರೊಳಗೆ ಇಟ್ಟರು. ಅದು ಮತ್ತೆ ನಿದ್ದೆಹೋಯಿತು. ಊಟದ ಎಲೆ ಎತ್ತುವ ಹೊತ್ತಿಗೆ ಪುಟ್ಟಲಕ್ಷ್ಮಮ್ಮನವರು ಸೆರಗು ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು: "ಬೀಗರೇ, ನಿಮ್ಮ ಏರ್ಪಾಟಿನಲ್ಲಿ ಕಲ್ಲು ಚೆನ್ನಾಗಿ ಮಲಗುತ್ತೆ. ಮಗೂನ ನಾವು ಬೆಳಿಗ್ಗೆ ಕರ್ಕೊಂಡು ಹೋಗ್ತೀವಿ."

ಪಂಕಜಾ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ, "ಅಪ್ಪಾ, ಏನಾದ್ರೂ ಮಾಡಿ. ಅಲ್ಲಿ ಹೋದ್ರೆ ಮಾವನವರು ಬಂದಾಗೆಲ್ಲ ಎದ್ದು ನಿಲ್ಬೇಕು. ಇಲ್ಲಿ ಕಾಲು ಚಾಚ್ಕೊಂಡು ಅಳಬಹುದು, ನಗಬಹುದು. ಅಮ್ಮ ಇದ್ದಿದ್ರೆ ಕಳಿಸ್ತಿದ್ಲಾ?" ಎಂದಳು. ನಾನು ಸರ್ವೀಸಿನಲ್ಲಿ ಎಂಥೆಂಥ ಮೆಮೋಗಳಿಗೆ ಉತ್ತರ ಬರೆದವನು, ಇದಕ್ಕೂ ಒಂದು ಉತ್ತರ ಬರೆಯೋಣವೆಂದು ಕಾಗದ ಹುಡುಕಿದೆ. ನಡುಮನೆಗೆ ಬಂದು ತಾವು ಮಲಗಿದ್ದ ಮಂಚದ ಅಂಚಿನಲ್ಲಿ ಕೂರಲು ಹೋದೆ. ಜಾಗ ಸಾಲದೆ ತಮ್ಮನ್ನು ಆಚೆ ತಳ್ಳಿದೆ, ಕೋಪ ಬಂದಿತ್ತು, ಸುಳ್ಳೇಕೆ, ಸ್ವಲ್ಪ ಜೋರಾಗಿಯೇ ತಳ್ಳಿದೆ. ತಮ್ಮ ಹೊಟ್ಟೆ ತಿರುಗಿತು. ಟಕ್ ಎಂದಿರಿ.

ಪುಟ್ಟಿಯ ಅಳು ನಡುವೆಯೇ ನಿಂತಿತು.

ನಾನು ಇನ್ನೊಮ್ಮೆ ತಿರುಗಿಸಿದೆ. ಟಕ್. ಮಗು ಕತ್ತು ಹೊರಳಿಸಿತು. ಟಕ್, ಟಕ್, ಟಕ್. ನನ್ನ ಹಿಂದೆಯೇ ಬಂದಿದ್ದ ಪಂಕಜಾಳ ಹೆಗಲ ಮೇಲೆ ಕಣ್ಣು ಮುಚ್ಚಿ, ತುಟಿ ಚೀಪಿ, ನಿದ್ದೆಹೋಯಿತು. ಬೀಗಿತ್ತಿಯವರು ಬಾಗಿಲಲ್ಲಿ ನಿಂತು ನೋಡಿದ್ದೇನೆಂದರೆ, ನಿವೃತ್ತ ಹೆಡ್ ಗುಮಾಸ್ತನೊಬ್ಬ ಮಂಚದ ಮೇಲೆ ಕುಳಿತು, ಟವೆಲ್ ಹೊದ್ದ ಫ್ಯಾನಿಗೆ ಭುಜ ಬೀಳುವ ಹಾಗೆ ಸೇವೆ ಮಾಡುತ್ತಿರುವುದು. "ಇದೇನ್ರೀ ಇದು!" ಎಂದರು. ನಾನು ತಿರುಗಿಸುವುದನ್ನು ನಿಲ್ಲಿಸಿ ಉತ್ತರ ಕೊಡಲು ಹೋದೆ. ಪುಟ್ಟಿ ಕುಂಯ್ ಎಂದಿತು. "ಮಾತು ಆಮೇಲೆ, ನೀವು ತಿರುಗಿಸಿ ಬೀಗರೇ, ತಿರುಗಿಸಿ" ಎಂದರು. ನನ್ನ ಕೈ ಸೋತಾಗ ಅವರೇ ಬಂದು ತಿರುಗಿಸಿದರು. ಅವರು ಬಳೆ ಹಾಕಿದ ಕೈಯಿಂದ ತಿರುಗಿಸಿದಾಗ ಟಕ್ ಜೊತೆಗೆ ಘಲ್ ಎಂಬುದೂ ಸೇರಿತು.

ಇಡೀ ದಿನ ಇದು ಆಗದ ಮಾತೆಂದು ನಾಗರಾಜುವಿಗೆ ಹೇಳಿಕಳಿಸಿದೆ. ತಮ್ಮನ್ನು ಮತ್ತೆ ಕೊಂಡಿಗೇರಿಸೋಣವೆಂದರೆ ಪುಟ್ಟಲಕ್ಷ್ಮಮ್ಮನವರು, "ಬಾಣಂತಿಗೂ ಮಗೂಗೂ ಗಾಳಿ? ನಾನು ಬದುಕಿರೋತನಕ ಇಲ್ಲ" ಎಂದರು. ಮಾನ್ಯರೇ, ಆಗ ನನ್ನ ಬಾಯಿಂದ ಹೊರಟ ಮಾತು ನನ್ನ ಇಡೀ ಸರ್ವೀಸಿನ ಅತ್ಯುತ್ತಮ ಟಿಪ್ಪಣಿಯೆಂದು ಭಾವಿಸುತ್ತೇನೆ: ರೆಕ್ಕೆ ಹಾಕುವುದು ಬೇಡ. ನಾಗರಾಜು ನನ್ನ ಮುಖ ನೋಡಿದ. "ಸಾರ್, ರೆಕ್ಕೆ ಇಲ್ದಿದ್ರೆ ಗಾಳಿ ಬರಲ್ಲ." ಅದೇ ಬೇಕು ಎಂದೆ. ತಲೆ ಕೆರೆದುಕೊಳ್ಳುತ್ತ ತೊಟ್ಟಿಲನ್ನು ಕಲ್ಲಿನ ಸಮೇತ ಮೂಲೆಗಿಳಿಸಿ ತಮ್ಮನ್ನು ಏರಿಸಿ ಒಂದನೇ ನಂಬರಿಗೆ ಬಿಟ್ಟ. ಬೀಗಿತ್ತಿಯವರು ತಮ್ಮ ಕೆಳಗೆ ನಿಂತು ಅಂಗೈ ಒಡ್ಡಿದರು, ಸೆರಗಿನ ತುದಿ ಹಿಡಿದು ನೋಡಿದರು, ಅದು ಅಲುಗಲಿಲ್ಲ. ಮಗು ಮೊರದಲ್ಲಿ, ಕೌದಿಯ ಮೇಲೆ, ತಮ್ಮ ನೇರ ಕೆಳಗೆ ಮಲಗಿತು. "ಹಗಲು ಇಲ್ಲಿ, ರಾತ್ರಿ ಒಳಗೆ ಬಾಗಿಲ ಪಕ್ಕ. ಇದನ್ನ ನಿಲ್ಲಿಸ್ಬೇಡಿ" ಎಂದು ಅಪ್ಪಣೆ ಕೊಟ್ಟು, ಮರುದಿನ ಒಬ್ಬರೇ ಕೆಂಗೇರಿ ಬಸ್ಸು ಹತ್ತಿದರು. ಮೆಟ್ಟಿಲ ಮೇಲೆ ನಿಂತು, "ಮಗು ಮಲಗಿದ್ದು ನನ್ನ ಕೌದಿ ಮೇಲೇ ತಾನೆ" ಎಂದೂ ಹೇಳಿದರು.

ಈಗ ನನ್ನ ದೂರು. ರುಬ್ಬುವ ಕಲ್ಲು ತೊಟ್ಟಿಲು ಬಿಟ್ಟು ಏಳಲೊಲ್ಲದಾಗಿ, ಬರಿದು ತೊಟ್ಟಿಲು ಮನೆಗೆ ಒಳ್ಳೆಯದಲ್ಲವೆಂದು ಯಾರೂ ಎಬ್ಬಿಸಲೊಲ್ಲದಾಗಿ, ನಮ್ಮ ಮನೆಯಲ್ಲಿ ದೋಸೆ ನಿಂತುಹೋಗಿದೆ. ನನ್ನ ಪದ್ಯಕ್ಕೆ ಕಿಮ್ಮತ್ತಿಲ್ಲ. ಕರೆಂಟು ಹೋದಾಗಲೆಲ್ಲ ಸ್ಟೂಲಿನ ಮೇಲೆ ನಿಂತು ಕೊಡೆಯ ಹಿಡಿಯಿಂದ ತಮ್ಮ ಹೊಟ್ಟೆ ತಿರುಗಿಸುವ ಕೆಲಸ ನನ್ನದಾಗಿದೆ. ಆದಕಾರಣ, ಕರೆಂಟಿಲ್ಲದೆಯೂ ಸ್ವಂತ ಉತ್ಸಾಹದಿಂದ ತಿರುಗಬೇಕೆಂದೂ, ಮಗು ಎದ್ದಿರುವಾಗ ಟಕ್ಕನ್ನು ಉಳಿತಾಯ ಮಾಡಿ ಮಲಗುವ ಹೊತ್ತಿಗೆ ಬಳಸಬೇಕೆಂದೂ, ನನ್ನ ಪದ್ಯದ ಮೂರನೇ ಸಾಲು ತಮಗೆ ತಿಳಿದಿದ್ದಲ್ಲಿ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇದಿಷ್ಟನ್ನು ಬರೆದು, ತಮ್ಮನ್ನು ಕೊಂಡಿಯ ಮೇಲೆ ಮುಂದುವರಿಸಬಹುದೇ ಎಂದು ಮೂಲ ಆದೇಶವನ್ನು ಮನಸ್ಸಿನಲ್ಲೇ ಪರಿಶೀಲಿಸಿದೆ. ಅಂಬುಜಾ ಮೇಸ್ತ್ರಿಗೆ ಹೇಳಿದ್ದು ಮೊಮ್ಮಗು ಮಲಗಬೇಕು ಎಂದು. ತೊಟ್ಟಿಲು ಎಂದು ಅವಳು ಹೇಳಿರಲಿಲ್ಲ. ಮೊಮ್ಮಗು ಮಲಗಿದೆ, ಅದೂ ಅಜ್ಜಿ ಕೇಳಿಕೊಂಡು ಮಲಗಿದ್ದ ಅದೇ ಸದ್ದಿಗೆ. ಆದ್ದರಿಂದ ತಮ್ಮ ಹಂಗಾಮಿ ಸೇವೆಯನ್ನು ಈ ಮೂಲಕ ಖಾಯಂಗೊಳಿಸಲಾಗಿದೆ. ದೂರನ್ನು ಹಿಂತೆಗೆದುಕೊಳ್ಳುವುದಿಲ್ಲ; ಫೈಲಿನಲ್ಲಿರಲಿ.

ತಮ್ಮ ಕೆಳಗೇ, ಗಾಳಿಯಿಲ್ಲದೆ ಬೆವರುತ್ತ ಮಲಗಿರುವ,
ತಮ್ಮ ವಿಶ್ವಾಸಿ,
ಸೇತುರಾಮ

ತಾ.ಕ.: ಐದನೇ ತಿಂಗಳಿಗೆ ಮಗುವಿನ ಜೊತೆ ಫ್ಯಾನನ್ನೂ ಕಳಿಸಿಕೊಡಿ, ನಮ್ಮ ಮನೆಯಲ್ಲಿ ತೊಲೆಗಳಿಗೇನು ಬರವೇ ಎಂದು ಪುಟ್ಟಲಕ್ಷ್ಮಮ್ಮನವರು ಹೇಳಿಕಳಿಸಿದ್ದಾರೆ. ಖಾಯಂ ನೌಕರರನ್ನು ವರ್ಗ ಮಾಡಲು ಬರುವುದಿಲ್ಲವೆಂದು ಉತ್ತರಿಸಿದ್ದೇನೆ. ಮಗುವಿಗೆ ನಿದ್ದೆ ಬೇಕೆನಿಸಿದಾಗಲೆಲ್ಲ ರಾಜಾಜಿನಗರಕ್ಕೇ ಕರೆತರಲಿ. ತಮಗೇನಾದರೂ ಕೆಂಗೇರಿಯ ಹವೆಯ ಮೇಲೆ ಆಸೆ ಹುಟ್ಟಿದ್ದರೆ, ನಾಗರಾಜು ಮರೆತುಹೋದ, ಎರಡೇ ಹನಿಗೆ ಟಕ್ಕನ್ನು ಅಡಗಿಸಬಲ್ಲ ಎಣ್ಣೆ ಡಬ್ಬಿ ನನ್ನ ತಲೆದಿಂಬಿನ ಕೆಳಗಿದೆ ಎಂಬುದನ್ನು ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇನೆ.