ಅಲ್ಲಾಡದ ಗಾಡಿ, ನಾಲ್ಕು ನಿಂಬೆಹಣ್ಣು

ಗ್ರಹಚಾರ ಕೆಟ್ಟರೆ ಹಗ್ಗವೂ ಹಾವಾಗಿ ಕಚ್ಚುತ್ತೆ ಅಂತಾರೆ. ನನ್ನ ಗ್ರಹಚಾರಕ್ಕೆ ಅಷ್ಟು ದೂರ ಹೋಗೋದೇ ಬೇಡ, ಮನೆಯಲ್ಲಿರೋ ಪಾತ್ರೆ ಪಡಗವೇ ಸಾಕು. ಬೇರೆಯವರಿಗೆ ಯಾವಾಗಲೋ ಒಂದ್ಸಲ ಆಗೋ ಎಡವಟ್ಟು ನನಗೆ ವಾರವಾರ ಆಗುತ್ತೆ. ಅದನ್ನು ನೋಡಿ ನಗೋಕೆ ನಮ್ಮ ಇಡೀ ಕ್ರಾಸು ಬಾಗಿಲಿಗೆ ಬಂದು ನಿಂತಿರುತ್ತೆ. ಈ ಸಲವಂತೂ ಅವರಿಗೆ ದಸರಾ ಹಬ್ಬಕ್ಕೇ ಸರಿಯಾಗಿ ಸಿಕ್ಕಿತು.

ಶಾಲಿನ ಬದಲು

ನಾನು ಅಡುಗೆಯವನು. ತಲೆಕೂದಲು ಕಪ್ಪಿದ್ದಾಗಿಂದ ಬೆಳ್ಳಗಾಗೋವರೆಗೂ ಒಂದೇ ಹೋಟೆಲಿನಲ್ಲಿ ಕೆಂಡದ ಮುಂದೆ ನಿಂತು ಕಬಾಬ್ ಸುಟ್ಟವನು. ಈಚೆಗೆ ಹೋಟೆಲು ಕೈ ಬದಲಾಯಿತು. ಹೊಸ ಮ್ಯಾನೇಜರು ಬೇರೆ ಊರಿನವರು, ಮೈಸೂರಿಗೆ ಬಂದು ಇನ್ನೂ ಒಂದು ದಸರಾ ನೋಡಿರಲಿಲ್ಲ. ಒಂದು ದಿನ ನನ್ನನ್ನು ಕರೆದು ಕೂರಿಸಿ, ಕಾಫಿ ತರಿಸಿದರು. ಆ ಹೋಟೆಲಿನಲ್ಲಿ ನನ್ನನ್ನು ಕೂರಿಸಿ ಕಾಫಿ ಕೊಟ್ಟವರೇ ಇಲ್ಲ, ಏನೋ ಎಡವಟ್ಟಿದೆ ಅಂತ ಆಗಲೇ ಗೊತ್ತಾಯಿತು.

"ಅಂಕಲ್, ಇನ್ಮೇಲೆ ಗ್ರಿಲ್ಲನ್ನ ಗೆಸ್ಟುಗಳ ಎದುರಿಗೇ ಇಡ್ತೀವಿ. ಅಲ್ಲಿ ನಿಲ್ಲೋಕೆ ಯಂಗ್ ಮುಖ ಬೇಕಾಗುತ್ತೆ" ಅಂದರು.

"ಅವರು ತಿನ್ನೋದು ಕಬಾಬಾ ಸಾರ್, ನನ್ನ ಮುಖಾನಾ?" ಅಂತ ಕೇಳಿದೆ.

ಅವರಿಗೆ ಅದು ಜೋಕು ಅನ್ನಿಸಿತು. ಹೊಟ್ಟೆ ಹಿಡಕೊಂಡು ನಕ್ಕರು. ನಗುತ್ತಾ ನಗುತ್ತಲೇ ನನ್ನನ್ನು ಮನೆಗೆ ಕಳಿಸಿದರು.

ಬೀಳ್ಕೊಡುಗೆಗೆ ಶಾಲಿಲ್ಲ, ಹಾರವಿಲ್ಲ. ನೆನಪಿನ ಕಾಣಿಕೆ ಅಂತ ನಾನು ಕೆಲಸ ಮಾಡುತ್ತಿದ್ದ ಹಳೇ ಸೆರಾಮಿಕ್ ಗ್ರಿಲ್ಲನ್ನೇ ಕೊಟ್ಟರು. ನೋಡದವರಿಗೆ ಹೇಳ್ತೀನಿ, ಅದು ದಪ್ಪ ಪಿಂಗಾಣಿಯ ಒಲೆ. ಹೊಟ್ಟೆಯೊಳಗೆ ಇದ್ದಿಲು, ತಲೆ ಮೇಲೆ ಮುಚ್ಚಳ, ಆಕಾರ ಥೇಟ್ ಮೊಟ್ಟೆ. ಎತ್ತಬೇಕಂದ್ರೆ ನಾಲ್ಕು ಆಳು ಬೇಕು. ಪ್ರೀತಿಯಿಂದ ಕೊಟ್ಟರು ಅಂದ್ಕೋಬೇಡಿ. ಹೊಸ ಗ್ರಿಲ್ ಬಂದಿತ್ತು, ಹಳೇದನ್ನು ಎತ್ತಿ ಬಿಸಾಕೋಕೆ ಯಾರೂ ಒಪ್ಪಲಿಲ್ಲ. ಹಾಗಾಗಿ ನನ್ನನ್ನೂ ಅದನ್ನೂ ಒಂದೇ ಗೂಡ್ಸ್ ಆಟೋಗೆ ತುಂಬಿ ಸಾಗಹಾಕಿದರು.

ಡ್ರೈವರು ಹಗ್ಗ ಬಿಗಿಯುತ್ತಾ ಕೇಳಿದ, "ಏನಣ್ಣ ಇದು, ಈ ಪಾಟಿ ಭಾರ? ಸಮಾಧಿ ಮೇಲೆ ಇಡೋ ಕಲ್ಲಾ?"

"ಊಂ ಕಣಪ್ಪ. ನಂದೇ" ಅಂದೆ.

ಮಂಡಿನೋವು

ನಮ್ಮ ಮನೆ ಬನ್ನಿಮಂಟಪದ ಹತ್ತಿರ. ಮೊಟ್ಟೆ ಬಂದು ನಮ್ಮ ಅಂಗಳದಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಕೂತುಬಿಟ್ಟಿತು. ನಾನೂ ಅದರ ಪಕ್ಕದಲ್ಲೇ ಕೂತೆ. ಇಬ್ಬರನ್ನೂ ಸುತ್ತು ಹಾಕಿಕೊಂಡು ನನ್ನ ಹೆಂಡತಿ ಬಟ್ಟೆ ಒಗೆದಳು, ಒಂದು ದಿನ, ಎರಡು ದಿನ. ಆಮೇಲೆ ಸೋಪಿನ ಕೈಯಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು.

"ರೀ, ಇಬ್ಬರಲ್ಲಿ ಒಬ್ಬರಾದರೂ ಕೆಲಸ ಮಾಡಿ."

ಆಗಲೇ ನಾನು ಹಟ ತೊಟ್ಟಿದ್ದು. ವಿಜಯದಶಮಿ ಸಾಯಂಕಾಲ ಪಂಜಿನ ಕವಾಯತು ನೋಡೋಕೆ ಊರಿಗೆ ಊರೇ ನಮ್ಮ ಕ್ರಾಸಿನ ಮೂಲೆ ದಾಟಿ ಹೋಗುತ್ತೆ. ಆ ಮೂಲೆಯಲ್ಲಿ ಇದೇ ಗ್ರಿಲ್ ಇಟ್ಟು, ಇದೇ ಹಳೇ ಮುಖ ಇಟ್ಟುಕೊಂಡು ಕಬಾಬ್ ಸುಡ್ತೀನಿ, ಜನ ಕ್ಯೂ ನಿಲ್ತಾರೋ ಇಲ್ವೋ ನೋಡೇಬಿಡ್ತೀನಿ ಅಂದೆ. ಆದರೆ ಮೊಟ್ಟೆ ಮೂಲೆಗೆ ಹೋಗಬೇಕು, ರಾತ್ರಿ ವಾಪಸ್ ಬರಬೇಕು. ದಾರಿಯಲ್ಲಿ ಮೋರಿ ಚಪ್ಪಡಿ, ಹಂಪು, ಹಳ್ಳ, ಇಳಿಜಾರು. ಒಂದು ಕಡೆ ವಾಲಿದರೂ ಕಥೆ ಮುಗೀತು. ಅದಕ್ಕೊಂದು ಅಲ್ಲಾಡದ ತಳ್ಳುಗಾಡಿ ಬೇಕಿತ್ತು.

ಮೊದಲನೇದನ್ನು ನಾನೇ ಕಟ್ಟಿದೆ. ಹಳೇ ಮಂಚದ ಹಲಗೆ, ಗುಜರಿಯಿಂದ ತಂದ ಆಫೀಸ್ ಕುರ್ಚಿಯ ಚಕ್ರ. ಖಾಲಿ ಗಾಡಿ ರೇಷ್ಮೆ ಹಾಗೆ ಓಡಿತು. ಮೊಟ್ಟೆ ಏರಿಸಿದ ಕೂಡಲೇ ಹಲಗೆ ಬಾಗಿತು, ನಾಲ್ಕೂ ಚಕ್ರ ನಾಲ್ಕು ದಿಕ್ಕಿಗೆ ಕಾಲು ಚಾಚಿಕೊಂಡವು. ಎರಡು ಹೆಜ್ಜೆಗೆ ಕಿರ್ರ್ ಅಂತ ಕೂತುಬಿಟ್ಟಿತು.

ನನ್ನ ಹೆಂಡತಿ ಕಿಟಕಿಯಿಂದಲೇ ನೋಡಿ ಅಂದಳು, "ಮನೇಲಿ ಮೂವ್ ಐತೆ, ಹಚ್ರೀ. ನಿಮ್ಮ ಮಂಡಿಗಿಂತ ಅದರದ್ದೇ ಜಾಸ್ತಿ ಹೋಗೈತೆ."

ತಾತನ ಸಾರೋಟು

ಎದುರುಮನೆಯಲ್ಲಿ ರಾಯರಿದ್ದಾರೆ, ರಿಟೈರ್ಡ್ ಇಂಜಿನಿಯರ್. ಅವರ ತಾತ ಅರಮನೆಯಲ್ಲಿ ಸಾರೋಟುಗಳ ಉಸ್ತುವಾರಿ ನೋಡ್ಕೊಳ್ತಿದ್ದರಂತೆ. ಹಾಗಾಗಿ ಚಕ್ರ ಇರೋ ಯಾವ ವಸ್ತು ಕಂಡರೂ ರಾಯರಿಗೆ ಅದು ವಂಶಪಾರಂಪರ್ಯವಾಗಿ ತಮ್ಮ ಸುಪರ್ದಿಗೆ ಬಂದ ಹಾಗೆ ಅನ್ನಿಸುತ್ತೆ.

"ಇವ್ರೇ, ನೀವು ಅಡುಗೆಯೋರು, ಗಾಡಿ ವಿಷಯ ನಮಗೆ ಬಿಡಿ" ಅಂತ ಬಂದರು. "ನಮ್ಮ ತಾತ ಹೇಳ್ತಿದ್ರು, ಭಾರ ತಗ್ಗಿನಲ್ಲಿರಬೇಕು, ಕಾಲು ಅಗಲಕ್ಕಿರಬೇಕು. ಆಗ ಗಾಡಿ ಆ ಬ್ರಹ್ಮ ಬಂದ್ರೂ ಮಗುಚೋಲ್ಲ."

ಮಾತು ಸರಿಯಾಗಿಯೇ ಇತ್ತು. ವೆಲ್ಡಿಂಗ್ ಅಂಗಡಿಯವನನ್ನು ಅಂಗಳಕ್ಕೇ ಕರೆಸಿ, ರಾಯರು ಕುರ್ಚಿ ಹಾಕಿಕೊಂಡು ಕೂತು, ಕಬ್ಬಿಣದ ಆಂಗಲಿನಲ್ಲಿ ಗಾಡಿ ಮಾಡಿಸಿದರು. ಏನು ಗಾಡಿ ಅಂತೀರಿ! ಅದರ ಮೇಲೆ ಹತ್ತಿ ಕುಣಿದರೂ ಮಿಸುಕಲಿಲ್ಲ. ನನಗೂ ಖುಷಿಯಾಗಿ ಗೇಟಿನ ಕಡೆ ತಳ್ಳಿದೆ. ಗಾಡಿ ಗೇಟಿನ ಎರಡೂ ಕಂಬಕ್ಕೆ ಡಿಕ್ಕಿ ಹೊಡೆದು ನಿಂತಿತು. ಗೇಟಿಗಿಂತ ಗಾಡಿಯೇ ಒಂದು ಗೇಣು ಅಗಲ.

ನಾನು ರಾಯರ ಮುಖ ನೋಡಿದೆ. ಅವರು ಗೇಟಿನ ಮುಖ ನೋಡಿದರು.

"ಅರಮನೆ ಬಾಗಿಲಲ್ಲಾಗಿದ್ರೆ ಈ ತೊಂದರೆ ಬರ್ತಿರ್ಲಿಲ್ಲ ಇವ್ರೇ" ಅಂತ ನಿಟ್ಟುಸಿರುಬಿಟ್ಟು ಮನೆಗೆ ಹೋದರು.

ಅಲ್ಲಾಡದೇ ಇರೋದು

ಮೂರನೇ ಗಾಡಿಗೆ ಯಾರನ್ನೂ ಕೇಳಲಿಲ್ಲ. ರಾಯರ ತಾತನ ಮಾತಿನಲ್ಲಿ ಅರ್ಧ ಇಟ್ಟುಕೊಂಡೆ, ಅರ್ಧ ಬಿಟ್ಟೆ. ಅಗಲ ಗೇಟಿನಲ್ಲಿ ಹಿಡಿಸೋಷ್ಟೇ, ಉದ್ದ ಜಾಸ್ತಿ. ಮಧ್ಯದಲ್ಲಿ ಒಂದು ದಪ್ಪ ಕಬ್ಬಿಣದ ಬಳೆ ಬೆಸೆಸಿ, ಮೊಟ್ಟೆಯ ಹೊಟ್ಟೆ ಅದರೊಳಗೆ ಇಳಿದು ಕೂರೋ ಹಾಗೆ ಮಾಡಿದೆ. ಬುಡಕ್ಕೆ ಕಾವು ತಡೆಯೋ ಇಟ್ಟಿಗೆ. ಹಿಂದಿನ ಚಕ್ರ ನೇರಕ್ಕೆ, ಮುಂದಿನದು ತಿರುಗೋದು, ಬ್ರೇಕ್ ಸಮೇತ. ಚಕ್ರ ಅಂಗೈಯಷ್ಟೇ ಇದ್ದರೂ ಗಟ್ಟಿ ಮಾಲು.

ಮೊಟ್ಟೆ ಕೂರಿಸಿ, ಮುಚ್ಚಳದ ಮೇಲೆ ತುಂಬಿದ ಕಾಫಿ ಲೋಟ ಇಟ್ಟು ತಳ್ಳಿದೆ. ಮೋರಿ ಚಪ್ಪಡಿ ದಾಟಿತು, ಹಂಪು ಹತ್ತಿ ಇಳಿಯಿತು, ಮೂಲೆ ಮುಟ್ಟಿ ವಾಪಸ್ ಬಂತು. ಒಂದು ತೊಟ್ಟು ಚೆಲ್ಲಲಿಲ್ಲ. ಸತ್ಯವಾಗಿ ಹೇಳ್ತೀನಿ, ನನಗೆ ಅಳುವೇ ಬಂದುಬಿಟ್ಟಿತು. ಮನೆಗೆ ಕಳಿಸಿದ ದಿನವೂ ಅತ್ತಿರಲಿಲ್ಲ.

ನನ್ನ ಹೆಂಡತಿ ಆ ಕಾಫಿಯನ್ನೇ ಎತ್ತಿ ಕುಡಿದಳು. "ನಮ್ಮ ಮದುವೆ ಆದಾಗಿಂದ ನೀವು ಮಾಡಿದ್ದರಲ್ಲಿ ಅಲ್ಲಾಡದೇ ಇರೋದು ಇದೊಂದೇ ಕಣ್ರೀ" ಅಂದಳು.

ಕುಂಬಳಕಾಯಿ

ನಾವು ಚರ್ಚಿಗೆ ನಡ್ಕೊಳ್ಳೋರು. ಭಾನುವಾರ ಪೂಜೆ ಮುಗಿಸಿ ನಮ್ಮ ಫಾದರು ಮನೆಗೆ ಬಂದು, ಗಾಡಿ ಮೇಲೆ ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಿ, "ಕಬಾಬ್ ಯಾವತ್ತು?" ಅಂತ ಕೇಳಿ ಹೋಗಿದ್ದರು. ಅಲ್ಲಿಗೇ ಬಿಟ್ಟಿದ್ದರೆ ನಾನು ಬಚಾವು.

ಆಯುಧಪೂಜೆ ಬಂತು. ಕ್ರಾಸಿನ ಕಾರು, ಸ್ಕೂಟರೆಲ್ಲ ತೊಳೆಸಿಕೊಂಡು, ಚೆಂಡು ಹೂವು ಮುಡಿದು, ನಿಂಬೆಹಣ್ಣಿನ ಮೇಲೆ ಹತ್ತಿ ಹೋಗುತ್ತಿದ್ದವು. ರಾಯರು ಕೈಯಲ್ಲಿ ಅರಿಶಿನ ಕುಂಕುಮ, ನಿಂಬೆಹಣ್ಣು, ಕಂಕುಳಲ್ಲಿ ಬೂದುಗುಂಬಳಕಾಯಿ ಹಿಡಿದು ನಮ್ಮ ಗೇಟಿಗೆ ಬಂದರು.

"ರಾಯರೇ, ಫಾದರು ಆಶೀರ್ವಾದ ಮಾಡಿ ಹೋಗಿದ್ದಾರೆ" ಅಂದೆ.

"ಅದು ಒಲೆಗಾಯ್ತು ಇವ್ರೇ. ಚಕ್ರಕ್ಕೆ?"

ವಯಸ್ಸಾದವರು, ಪ್ರೀತಿಯಿಂದ ಬಂದಿದ್ದಾರೆ, ಹೇಗೆ ಬೇಡ ಅನ್ನೋದು? ಗಾಡಿಯನ್ನು ಮೊಟ್ಟೆ ಸಮೇತ ರಸ್ತೆಗೆ ತಂದು ನಿಲ್ಲಿಸಿದೆ. ರಾಯರು ಒಂದೊಂದು ಚಕ್ರದ ಮುಂದೂ ಒಂದೊಂದು ನಿಂಬೆಹಣ್ಣಿಟ್ಟರು. ಮೋರಿಗೆ ಲೆಕ್ಕ ಹಾಕಿದ್ದೆ, ಹಂಪಿಗೆ ಹಾಕಿದ್ದೆ. ನಿಂಬೆಹಣ್ಣಿಗೆ ಹಾಕಿರಲಿಲ್ಲ. ಕಾರಿನ ಟೈರಿಗೆ ಪಚಕ್ ಅನ್ನೋ ಹಣ್ಣು ನನ್ನ ಅಂಗೈಯಷ್ಟು ಚಕ್ರಕ್ಕೆ ಗುಂಡುಕಲ್ಲಾಗಿ ಅಡ್ಡ ನಿಂತಿತು. ತಳ್ಳಿದೆ, ಜಗ್ಗಲಿಲ್ಲ.

"ನಿಂಬೆಹಣ್ಣು ಒಡೀಲೇಬೇಕು, ಇಲ್ದಿದ್ರೆ ಅಪಶಕುನ. ಬನ್ರಪ್ಪಾ, ಎಲ್ರೂ ಕೈ ಹಾಕಿ!" ಅಂತ ರಾಯರು ಕೂಗಿದರು.

ಅಕ್ಕಪಕ್ಕದವರೆಲ್ಲ ಓಡಿಬಂದರು. ನಾನು "ಗಾಡಿ ಹಿಡ್ಕಳ್ರೋ, ಗಾಡಿ!" ಅಂತ ಬಾಯಿ ಬಡ್ಕೊಳ್ತಾನೇ ಇದ್ದೆ. ಅವರು ಮೊಟ್ಟೆಯ ತಲೆಗೇ ಭುಜ ಕೊಟ್ಟು, "ಐಸಾ!" ಅಂತ ನೂಕಿದರು. ಗಾಡಿ ಒಂದಿಂಚೂ ಅಲ್ಲಾಡಲಿಲ್ಲ. ಮೊಟ್ಟೆ ಬಳೆಯಿಂದ ಎದ್ದು, ಆಚೆಗೆ ಮಗುಚಿ, ಚಪ್ಪಡಿ ಮೇಲೆ ಬಿದ್ದು ಚೂರುಚೂರಾಯಿತು.

ರಾಯರು ಕುಂಬಳಕಾಯಿ ತಬ್ಬಿಕೊಂಡು ನಿಂತಿದ್ದರು.

ನನ್ನ ಹೆಂಡತಿ ಅವರ ಕೈಯಿಂದ ಅದನ್ನು ಮೆಲ್ಲಗೆ ತಗೊಂಡಳು. "ಇದನ್ನ ಹುಳಿಗೆ ಹಾಕ್ತೀನಿ ಬುಡಿ ರಾಯರೇ. ಒಡೆಯೋದು ಆಗ್ಲೇ ಒಡೆದಾಯ್ತಲ್ಲ."

ನಮ್ಮ ಕಡೆ ಪದ್ಧತಿ

ಮಾರನೇ ದಿನ ವಿಜಯದಶಮಿ. ಸಾಯಂಕಾಲ ಜನ ಪಂಜಿನ ಕವಾಯತಿಗೆ ಸಾಲುಗಟ್ಟಿ ಹೋಗುತ್ತಿದ್ದರು. ನಾನು ಗೇಟಿನ ಮುಂದೆ ಖಾಲಿ ಗಾಡಿ ಮೇಲೆ ಕೂತು ಅವರ ಬೆನ್ನು ನೋಡುತ್ತಿದ್ದೆ. ಒಂದು ಕಾರು ಬಂದು ನಿಂತಿತು. ನೋಡಿದರೆ ಹೋಟೆಲಿನ ಮ್ಯಾನೇಜರು.

"ಅಂಕಲ್, ನಿಮ್ಮನ್ನೇ ಹುಡುಕ್ಕೊಂಡು ಬಂದೆ. ಗೆಸ್ಟುಗಳು ಹಳೇ ರುಚಿ ಎಲ್ಲಿ ಅಂತ ಗಲಾಟೆ ಮಾಡ್ತಿದ್ದಾರೆ."

ನಾಚಿಕೆ ಬಿಟ್ಟು ಹೇಳ್ತೀನಿ, ನಾನು ಎದ್ದು ನಿಂತು ಅಂಗಿ ಗುಂಡಿ ಹಾಕ್ಕೊಂಡೆ. ಹೆಂಡತಿ ಏಪ್ರನ್ ಎಲ್ಲಿಟ್ಟಿದ್ದಾಳೋ ಅಂತ ಕೂಡ ಯೋಚಿಸಿದೆ.

"ರುಚಿಯೆಲ್ಲ ಆ ಹಳೇ ಗ್ರಿಲ್ಲಿನಲ್ಲೇ ಇತ್ತು ಅಂತಾನೆ ನಮ್ಮ ಹೊಸ ಹುಡುಗ. ಅದನ್ನ ವಾಪಸ್ ಕೊಡಿ ಅಂಕಲ್."

ಅಂಗಳದ ಮೂಲೆಯಲ್ಲಿದ್ದ ಗೋಣಿಚೀಲ ತೋರಿಸಿದೆ. "ತಗೊಳ್ಳಿ ಸಾರ್, ರುಚಿ ಅದರಲ್ಲಿದೆ."

ಅವರು ಚೀಲ ಬಿಚ್ಚಿ ನೋಡಿ, ತಲೆ ಚಚ್ಚಿಕೊಂಡು, ಹಾಗೇ ಗಾಡಿಗೆ ಒರಗಿದರು. ಗಾಡಿ ಮಿಸುಕಲಿಲ್ಲ. ತಿರುಗಿ ಅಲ್ಲಾಡಿಸಿದರು. ಬಗ್ಗಿ ಚಕ್ರ ನೋಡಿದರು.

"ನಮ್ಮ ಹೊಸ ಗ್ರಿಲ್ಲಿನ ಗಾಡಿ ಗಡಗಡ ಅಂತ ನಡುಗುತ್ತೆ. ಇದನ್ನ ಯಾರು ಡಿಸೈನ್ ಮಾಡಿದ್ದು?"

"ನಾನೇ ಸಾರ್."

"ನೀವಾ! ಇಂಥ ಟ್ಯಾಲೆಂಟ್ ಇಟ್ಕೊಂಡು ಇಷ್ಟು ವರ್ಷ ಸುಮ್ನೆ ಅಡುಗೆಮನೇಲಿ ಯಾಕೆ ಟೈಮ್ ವೇಸ್ಟ್ ಮಾಡಿದ್ರಿ ಅಂಕಲ್? ಇದನ್ನ ನಮಗೇ ಕೊಟ್ಬಿಡಿ."

ಹೊಟ್ಟೆಯೊಳಗೆ ಕೆಂಡ ಹೊತ್ತಿಕೊಂಡಿತು. ಆದರೂ ಕೊಟ್ಟೆ. ಮನೆಯಲ್ಲಿಟ್ಟುಕೊಂಡು ದಿನಾ ನೋಡೋ ಶಕ್ತಿ ನನಗಿರಲಿಲ್ಲ. ಸಾಗಿಸೋಕೆ ಗೂಡ್ಸ್ ಆಟೋ ಬರೋಷ್ಟರಲ್ಲಿ ರಾಯರ ಮನೆಗೆ ಹೋಗಿ, ನಾಲ್ಕು ನಿಂಬೆಹಣ್ಣು ಇಸ್ಕೊಂಡು ಬಂದು ಮ್ಯಾನೇಜರ ಕೈಗಿಟ್ಟೆ.

"ಏನಿದು ಅಂಕಲ್?"

"ನಮ್ಮ ಮೈಸೂರಿನ ಪದ್ಧತಿ ಸಾರ್, ತಪ್ಪಿಸಬಾರದು. ಹೊಸ ಗ್ರಿಲ್ ಏರಿಸಿ, ಚಕ್ರಕ್ಕೊಂದೊಂದು ನಿಂಬೆಹಣ್ಣಿಡಿ. ಆಮೇಲೆ ಯಂಗ್ ಮುಖದವರೆಲ್ಲ ಸೇರಿ ಗೆಸ್ಟುಗಳ ಎದುರಿಗೇ ಜೋರಾಗಿ ತಳ್ಳಿ."