ನೆಟ್ಟಬೆನ್ನಿನ ಕುರ್ಚಿ

ತಾವು ಮೆಚ್ಚಿ ತಂದ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲವೆಂಬುದೇ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ನಂಜಯ್ಯನವರ ಕೊರಗು. ಹಾಸನದ ಅಂಗಡಿಯಿಂದ ಅದನ್ನು ಟೆಂಪೋದಲ್ಲಿ ಮೆತ್ತನೆಯ ಗೋಣಿಗಳ ಮೇಲೆ ಕೂರಿಸಿ (ತಾವು ನಿಂತುಕೊಂಡು) ತಂದಿದ್ದರು. ತೇಗದ ಮೈ, ಮೊಸಳೆ ಎಂಬ ಊರಿನ ಹೊಯ್ಸಳರ ಗುಡಿಯ ಕಂಬಗಳಂತೆ ಕಡೆದ ಕಾಲು, ಆಳೆತ್ತರದ ನೆಟ್ಟನೆಯ ಬೆನ್ನು, ಅದರ ತುಂಬ ಬಳ್ಳಿ, ಬಳ್ಳಿಯ ನಡುವೆ ಉಬ್ಬಿ ನಿಂತ ಸಿಂಹ. ಒರಗಿದವರ ಬೆನ್ನುಮೂಳೆಗೆ ಸಿಂಹದ ಮೂತಿ ತಾಗದೆ ಇರುತ್ತಿರಲಿಲ್ಲ.

ಹೆಂಡತಿ ಸುವರ್ಣಮ್ಮನವರು ಕೇಳಿದ್ದು ಬೆತ್ತದ ಕುರ್ಚಿಯನ್ನು.

"ಏನ್ರೀ, ಇದು ಕೂರಾಕೋ, ಕೈ ಮುಗಿಯಾಕೋ?"

"ನಡುಮನೆಗೆ ಒಂದು ಕಳೆ ಬ್ಯಾಡ್ವೇನೆ?"

"ಕಳೆಗೇನು ಸೊಂಟನೋವಾ? ನಂಗೈತೆ. ಒಂದು ದಿಂಬನಾದ್ರೂ ಆಕ್ತೀನಿ."

"ದಿಂಬು ಆಕುದ್ರೆ ಸಿಂಹ ಮುಚ್ಚೋಯ್ತದೆ ಕಣೆ!"

ಸಿಂಹದ ಮಾನ ಉಳಿಯಿತು. ಸುವರ್ಣಮ್ಮನವರ ಸೊಂಟ ಚಾಪೆಗಿಳಿಯಿತು. ಬೀದಿಯವರಿಗೆ ಕಾಣಲೆಂದು ನಂಜಯ್ಯನವರೇ ಸಂಜೆಯ ಹೊತ್ತು ಆ ಪೀಠವನ್ನು ಅಲಂಕರಿಸಿದರು. (ಅಂಗಿ ಕಳಚಿದಾಗ ಅವರ ಬೆನ್ನಿನ ಮೇಲೆ ರಾಜಮುದ್ರೆ ಮೂಡಿರುತ್ತಿತ್ತು.)

ಎದುರುಮನೆಯ ಗುಂಡಯ್ಯ ಅವರ ಬಾಲ್ಯದ ಗೆಳೆಯ. ಒತ್ತಾಯಕ್ಕೆ ಒಮ್ಮೆ ಕೂತವನು ಕಾಫಿ ಬರುವುದರೊಳಗೆ ಎದ್ದು, ಎಂದಿನಂತೆ ಜಗಲಿಗೆ ಹೋಗಿ ಗೋಡೆಗೊರಗಿದ.

"ನಂಜಯ್ಯ, ಜೀವ ಇರೋನು ಕೂರೋ ಕುರ್ಚಿ ಅಲ್ಲ ಕಣಯ್ಯ ಇದು."

"ಬೆಲೆ ಗೊತ್ತಿರೋನು ಯಾವನಾದ್ರೂ ಬತ್ತಾನೆ, ಬುಡು" ಎಂದು ನಂಜಯ್ಯ ಮುನಿಸಿಕೊಂಡರು.

ಕಾರ್ತಿಕದ ಒಂದು ಬೆಳಗ್ಗೆ ಗುಂಡಯ್ಯ ತೀರಿಕೊಂಡ. ನಂಜಯ್ಯನವರಿಗೆ ಅಳುವೂ ಬರಲಿಲ್ಲ. ಗೆಳೆಯನ ತಲೆಯ ಎಣ್ಣೆಗೆ ಕಪ್ಪಾದ ಜಗಲಿಯ ಗೋಡೆಯನ್ನೇ ನೋಡುತ್ತ ನಿಂತಿದ್ದರು. ಗುಂಡಯ್ಯನ ಮಗ ರುದ್ರೇಶ ಬಂದ.

"ಚಿಕ್ಕಪ್ಪ, ಅಪ್ಪಾಜಿನ ಕೂರಿಸ್ಬೇಕು. ನಮ್ಮನೆ ಪ್ಲಾಸ್ಟಿಕ್ ಕುರ್ಚೀಲಿ ಬೆನ್ನು ನಿಲ್ತಿಲ್ಲ. ನಿಮ್ದು ನೆಟ್ಟಗದೆ…"

ಆ ಎರಡೂ ಮನೆಯವರ ಕುಲದಲ್ಲಿ ಅಗಲಿದವರನ್ನು ಮಲಗಿಸುವ ಪದ್ಧತಿಯಿಲ್ಲ. ಕೂರಿಸಿಯೇ ಕಡೆಯ ದರ್ಶನಕ್ಕಿಡುತ್ತಾರೆ. ಹಣೆಗೆ ವಿಭೂತಿ, ತಲೆಗೆ ಪೇಟ, ಕೊರಳಿಗೆ ಚೆಂಡುಹೂವಿನ ಹಾರ ಧರಿಸಿದ ಗುಂಡಯ್ಯ ಆ ಕುರ್ಚಿಯಲ್ಲಿ ಕೂತ; ಮಿಸುಕಲಿಲ್ಲ, ಗೊಣಗಲಿಲ್ಲ. ಬಂದವರೆಲ್ಲ ಕುರ್ಚಿಯ ಮುಂದೆ ಕೈಮುಗಿದರು.

"ಏನ್ ಗತ್ತು ನೋಡ್ಲಾ! ಒಳ್ಳೆ ಮಾರಾಜ ಕೂತಂಗೈತೆ."

ಕುರ್ಚಿಗೆ ಸಂದ ಮೊದಲ ಮೆಚ್ಚುಗೆ ಅದು. ನಂಜಯ್ಯನವರ ಎದೆ ತಾನಾಗಿ ಉಬ್ಬಿತು. ಮರುಕ್ಷಣವೇ ನಾಚಿಕೆಯಿಂದ ಕುಗ್ಗಿತು. ಹತ್ತಿರ ಹೋಗಿ, "ಈಗ್ಲಾದ್ರೂ ಕೂತ್ಯಲ್ಲೋ" ಎಂದರು. ಆಗ ಅಳು ಬಂತು.

ತೊಳೆದು ತಂದ ಕುರ್ಚಿಯನ್ನು ಸುವರ್ಣಮ್ಮನವರು ಹೊಸಿಲು ದಾಟಲು ಬಿಡಲಿಲ್ಲ. ಅದು ಜಗಲಿಯಲ್ಲೇ, ಗುಂಡಯ್ಯ ಕೂರುತ್ತಿದ್ದ ಜಾಗದಲ್ಲಿ ಉಳಿಯಿತು. ಅದರ ಕೀರ್ತಿ ಮಾತ್ರ ಬೀದಿಯಿಂದ ಬೀದಿಗೆ ಹಬ್ಬಿ, ಸಾವಿನ ಮನೆಗಳಿಂದ ಕರೆ ಬರತೊಡಗಿತು. ನಡುಮನೆಗೆ ಬೆತ್ತದ ಕುರ್ಚಿ ಬಂತು, ದಿಂಬಿನ ಸಮೇತ. ನಂಜಯ್ಯ ಗೊಣಗುತ್ತಲೇ ಅದರಲ್ಲಿ ಕೂತರು, ಗೊಣಗುತ್ತಲೇ ನಿದ್ದೆಹೋದರು.

ಒಂದು ಸಂಜೆ ಹಿಂದಿನ ಬೀದಿಯ ಪುಟ್ಟಸ್ವಾಮಿ ಬಂದು ತಲೆ ಕೆರೆದುಕೊಂಡ.

"ನಂಜಣ್ಣ, ನಮ್ ದೊಡ್ಡಮ್ಮ ಇವತ್ತೋ ನಾಳೆಯೋ ಅನ್ನಂಗೈತೆ. ಕುರ್ಚಿ ಖಾಲಿ ಐತಾ?"

ಒಳಗಿನಿಂದ ಸುವರ್ಣಮ್ಮನವರೇ ಕೂಗಿದರು: "ತಗಂಡೋಗಪ್ಪ. ಕಾಲುಗೀಲು ಮುರೀದಂಗೆ ವಾಪಸ್ ತಂದ್ಬುಡು. ನಮ್ಮನೆ ಯಜಮಾನ್ರಿಗೂ ಬೇಕಾಯ್ತದೆ."

ನಂಜಯ್ಯ ಜಗಲಿಯತ್ತ ನೋಡಿದರು. ಸಿಂಹವೂ ಅವರನ್ನೇ ನೋಡುತ್ತಿತ್ತು. ಬೆನ್ನುಮೂಳೆಯಲ್ಲಿ ಹಳೆಯ ನೋವು ಚುಳ್ಳೆಂದಿತು.

"ಸುವರ್ಣಾ," ಎಂದರು ಮೆಲ್ಲಗೆ, "ಆವತ್ತು ಬೆನ್ನಿಗೊಂದು ದಿಂಬು ಆಕ್ಬುಡೆ."

"ಸಿಂಹ ಮುಚ್ಚೋಯ್ತದೆ ಕಣ್ರೀ."