ಸಂಘದ ಟ್ರಂಕು ಮತ್ತು ಬಾಣಂತಿಯ ಖೋಲಿ

ವಿಜಯಪುರದ ನಮ್ಮ ವೈದ್ಯರ ಸಂಘದಲ್ಲಿ ಹನ್ನೊಂದು ತಿಂಗಳು ಏನೂ ನಡೆಯುವುದಿಲ್ಲ. ಡಿಸೆಂಬರ್ ಬಂತೆಂದರೆ ಒಂದಿಲ್ಲೊಂದು ಫಜೀತಿ ತಪ್ಪದೆ ನಡೆಯುತ್ತದೆ, ಮತ್ತು ನಡೆಯುವುದೆಲ್ಲ ಕಾರ್ಯದರ್ಶಿಯ ತಲೆಯ ಮೇಲೆಯೇ. ಕಾರ್ಯದರ್ಶಿ ನಾನು. ಸದಸ್ಯರ ವರ್ಷದ ಸುದ್ದಿಯನ್ನೆಲ್ಲ ಕೂಡಿಸಿ ಎಂಟು ಪುಟದ ಪತ್ರಿಕೆ ತರುವುದು, ವಾರ್ಷಿಕ ಸಭೆ ಕರೆಯುವುದು, ಅಡುಗೆಯವರಿಗೆ ಹೇಳುವುದು, ಉಪ್ಪು ಕಡಿಮೆಯಾದರೆ ಬೈಸಿಕೊಳ್ಳುವುದು, ಇಷ್ಟೂ ನನ್ನ ಪಾಲು.

ನಾನೇನು ಆಸೆಪಟ್ಟು ಕಾರ್ಯದರ್ಶಿ ಆದವನಲ್ಲ. ಸಂಘಕ್ಕೊಂದು ನಿಯಮವಿದೆ. ಮೂರು ವರ್ಷಕ್ಕೊಮ್ಮೆ ಸಭೆಯಲ್ಲಿ ಅಧ್ಯಕ್ಷರು ಹಾಜರಿ ಕೂಗುತ್ತಾರೆ. ಯಾರ ಹೆಸರಿಗೆ ಮೊದಲು ‘ಹಾಜರ್’ ಎಂಬ ಉತ್ತರ ಬರುವುದಿಲ್ಲವೋ ಅವರೇ ಹೊಸ ಕಾರ್ಯದರ್ಶಿ. ಎದುರಿಗೆ ಕೂತವರು ಒಲ್ಲೆ ಅನ್ನುತ್ತಾರೆ, ಇಲ್ಲದವರು ಒಲ್ಲೆ ಅನ್ನಲಾರರು ಎಂಬುದು ಇದರ ಹಿಂದಿನ ತಿಳಿವಳಿಕೆ. ಎಲ್ಲರೂ ಹಾಜರಿದ್ದುಬಿಟ್ಟರೆ ಹಳೆಯವನೇ ಮತ್ತೆ ಮೂರು ವರ್ಷ ಮುಂದುವರಿಯಬೇಕು. ಕಳೆದ ಸಲ ನಾನು ಒಬ್ಬರ ಹಣೆಗೆ ನಾಲ್ಕು ಹೊಲಿಗೆ ಹಾಕಿ ಓಡುತ್ತ ಸಭೆಗೆ ಬರುವಷ್ಟರಲ್ಲಿ ಬಾಗಿಲಲ್ಲೇ ನನ್ನ ಕೊರಳಿಗೆ ಮಾಲೆ ಬಿತ್ತು. ಜೊತೆಗೆ ಟ್ರಂಕೂ ಬಂತು.

ಟ್ರಂಕಿನ ಬಗ್ಗೆ ಹೇಳಲೇಬೇಕು. ಸಂಘಕ್ಕೆ ಕಚೇರಿ ಇಲ್ಲ, ಕಾರ್ಯದರ್ಶಿಯ ಮನೆಯೇ ಕಚೇರಿ. ಇಬ್ಬರು ಹಿಡಿದರೂ ಏಳದ ಒಂದು ಕಬ್ಬಿಣದ ಟ್ರಂಕು, ನನ್ನ ಎದೆಮಟ್ಟದ ಹಿತ್ತಾಳೆ ದೀಪ, ಸುತ್ತಿಟ್ಟ ಬ್ಯಾನರುಗಳು, ಸನ್ಮಾನಕ್ಕೆಂದು ತಂದು ಉಳಿದ ಶಾಲುಗಳು, ಒಂದು ಕೆಟ್ಟ ಮೈಕು. ಇವೆಲ್ಲ ಮೂರು ವರ್ಷದಿಂದ ನಮ್ಮ ಹಿಂದಿನ ಖೋಲಿಯಲ್ಲಿ ಸಂಸಾರ ಹೂಡಿದ್ದವು. ಈ ವರ್ಷ ಮಗಳಿಗೆ ಚೊಚ್ಚಲ ಬಸಿರು. ಜನವರಿಯಲ್ಲಿ ಬಾಣಂತನಕ್ಕೆ ಬರುವವಳು, ಆ ಖೋಲಿಯೇ ಬೇಕು.

ನನ್ನ ಹೆಂಡತಿ ಒಂದೇ ಮಾತು ಹೇಳಿದಳು. “ನೋಡ್ರಿ, ಕೂಸು ಬರೂದ್ರಾಗ ಆ ಟ್ರಂಕ್ ಮನಿ ಬಿಡಬೇಕು. ಇಲ್ಲಾಂದ್ರ ಅದನ್ನ ತಗೊಂಡು ನೀವೂ ದವಾಖಾನ್ಯಾಗ ಮಲಗ್ರಿ.”

ಅವಳು ತಮಾಷೆಗೆ ಹೇಳಿದ್ದಲ್ಲ. ಮರುದಿನ ನನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಳು.

ಓದುವವರು

ಸದಸ್ಯರಿಗೆಲ್ಲ ಒಂದು ಫಾರ್ಮ್ ಕಳಿಸಿದ್ದೆ. ‘ಈ ವರ್ಷದ ತಮ್ಮ ವಿಶೇಷ ಸುದ್ದಿ’ ಎಂದು ಕೇಳಿ ಕೆಳಗೆ ಆರು ಗೆರೆ ಬಿಟ್ಟಿದ್ದೆ. ಒಬ್ಬರನ್ನು ಬಿಟ್ಟು ಎಲ್ಲರೂ ಬರೆದು ಕಳಿಸಿದರು. ಒಂದೂ ಓದಲು ಬರಲಿಲ್ಲ. ಡಾಕ್ಟರ ಅಕ್ಷರ ಡಾಕ್ಟರಿಗೆ ತಿಳಿಯುತ್ತದೆ ಎಂದು ಜನ ತಿಳಿದಿದ್ದಾರೆ. ನನಗೆ ನನ್ನದೇ ತಿಳಿಯುವುದಿಲ್ಲ.

ಸ್ಟೇಷನ್ ರಸ್ತೆಯ ಒಬ್ಬ ಔಷಧ ಅಂಗಡಿಯವರ ಮುಂದೆ ಕಟ್ಟನ್ನು ಇಟ್ಟೆ. ಅವರು ಕನ್ನಡಕ ಏರಿಸಿ ಪಟಪಟ ಓದಿದರು. “ಇದು ಕಣ್ಣಿನ ಡಾಕ್ಟರ್ ಸಾಹೇಬ್ರದು, ಮಗಳ ಶಾದಿ ಆತು. ಇದು ಎಲುಬಿನ ಡಾಕ್ಟ್ರದು, ಹೊಸಾ ಮಷೀನ್ ತಂದಾರ.” ಒಂದನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕಿಟ್ಟರು.

“ಇದು ನನ್ನ ಕಡಿಂದ ಆಗೂದಿಲ್ರಿ. ಟಿಕೋಟಾ ಡಾಕ್ಟ್ರದು. ಅವರ ಅಕ್ಷರ ಅವರ ದವಾಖಾನಿ ಬಾಜೂಕಿನ ಅಂಗಡಿಯಾಂವಗ ಅಷ್ಟ ತಿಳೀತಾವ.”

ಟಿಕೋಟಾಕ್ಕೆ ಹೋದೆ. ಅಲ್ಲಿಯ ಅಂಗಡಿಯವನು ಕಾಗದವನ್ನು ಕೈಯಲ್ಲಿ ಹಿಡಿದ ಕೂಡಲೇ ಓದತೊಡಗಿದ. “ಈ ವರ್ಷ ಎಣ್ಣಿ ಪದಾರ್ಥ ಪೂರಾ ಬಿಟ್ಟೀನಿ. ದಿನಾ ತಪ್ಪದ ನಡೀತೀನಿ. ಹನ್ನೆರಡು ಕಿಲೋ ಇಳದೀನಿ.”

“ಖರೇ ಹಿಂಗ ಬರದಾರೇನಪಾ?”

“ಓದೂದು ಅಷ್ಟ ನನ್ನ ಕೆಲಸರಿ. ನಂಬೂದು ನಿಮಗ ಬಿಟ್ಟದ್ದು” ಎಂದು ಅವನು ರಸ್ತೆಯ ಆಚೆ ನೋಡಿದ. ನಾನೂ ನೋಡಿದೆ. ಮಿರ್ಚಿ ಭಜಿಯ ಗಾಡಿಯ ಮುಂದೆ ಟಿಕೋಟಾ ಡಾಕ್ಟರು ನಿಂತಿದ್ದರು. ನನ್ನನ್ನು ಕಂಡು ಕೈ ಎತ್ತಿದರು, ಎತ್ತಿದ ಕೈಯಲ್ಲೂ ಒಂದು ಮಿರ್ಚಿ ಇತ್ತು.

ಅಂಗಡಿಯವನು ಫಾರ್ಮನ್ನು ಮಡಚಿ ನನಗೆ ಕೊಡುತ್ತ ಹೇಳಿದ. “ಅಲ್ಲೀತನಕಾ ನಡಕೋತ ಹೋಗ್ಯಾರ ನೋಡ್ರಿ. ಅಷ್ಟು ಖರೇ ಐತಿ.”

ಏಳನೇ ನಂಬರು

ಬಬಲೇಶ್ವರದ ಡಾಕ್ಟರು ಫಾರ್ಮೇ ಕಳಿಸಿರಲಿಲ್ಲ. ಫೋನ್ ಮಾಡಿದರೆ ಅವರ ದವಾಖಾನೆಯಲ್ಲಿ ಚೀಟಿ ಬರೆಯುವ ಹೆಂಗಸು ಎತ್ತಿದರು, ಎಲ್ಲರೂ ಅವರನ್ನು ‘ಬಾಯಿ’ ಎಂದೇ ಕರೆಯುವುದು. ನಾನು ನನ್ನ ಹೆಸರು ಹೇಳಿದೆ. “ವಯಸ್ಸೆಷ್ಟ್ರೀ?” ಎಂದರು. ಬಾಯಿತಪ್ಪಿ ಹೇಳಿದೆ. “ಹನ್ನೊಂದನೇ ನಂಬರ್. ಹತ್ತಕ್ಕ ಬರ್ರಿ, ಬರೂಮುಂದ ಹಳೇ ಚೀಟಿ ತರ್ರಿ” ಎಂದು ಇಟ್ಟೇಬಿಟ್ಟರು.

ಹೋದೆ. ನಾನೂ ಡಾಕ್ಟರೇ ಎಂದು ಎಷ್ಟು ಹೇಳಿದರೂ ಆ ಬಾಯಿ ಒಳಗೆ ಬಿಡಲಿಲ್ಲ. “ಡಾಕ್ಟ್ರಿಗೆ ಜಡ್ಡು ಬರೂದಿಲ್ಲೇನ್ರಿ? ಕುಂದರ್ರಿ.” ಬೆಂಚಿನ ಮೇಲೆ ಏಳನೇ ನಂಬರಿನ ಹೆಣ್ಣುಮಗಳ ಬದಿಗೆ ಕುಳಿತೆ.

“ನಿಮಗೇನಾಗೇತ್ರಿ?”

“ನನಗೇನೂ ಆಗಿಲ್ಲವಾ. ಸಂಘದ ಪತ್ರಿಕಿಗೆ ನಿಮ್ಮ ಡಾಕ್ಟ್ರ ಸುದ್ದಿ ಬೇಕಾಗಿತ್ತು.”

“ಅಷ್ಟಕ್ಕ ಒಳಗ ಯಾಕ ಹೊಕ್ಕೀರಿ? ಬರಕೋರಿ” ಎಂದಳು. ಡಾಕ್ಟರು ನಿಂಬೆಯ ತೋಟ ಮಾಡಿದ್ದು, ಮಾವನ ಕೂಡ ಮಾತು ಬಿಟ್ಟದ್ದು, ಮತ್ತೆ ಮಾತಾಡಿಸಿದ್ದು, ಶ್ರಾವಣದಿಂದ ಶುಗರ್ ಶುರುವಾದದ್ದು, ಎಲ್ಲ ಹೇಳಿದಳು. ನಡುವೆ ಎಂಟನೇ ನಂಬರಿನವನು ಎರಡು ಕಡೆ ತಿದ್ದಿದ. ಒಂಬತ್ತನೆಯವನು ಶುಗರ್ ಎಷ್ಟಿದೆ ಎಂಬುದನ್ನೂ ಸೇರಿಸಿದ.

ನನ್ನ ಪಾಳಿ ಬಂದಾಗ ಕೇಳುವುದೇನೂ ಉಳಿದಿರಲಿಲ್ಲ. ಬರೆದದ್ದನ್ನು ಡಾಕ್ಟರಿಗೆ ತೋರಿಸಿದೆ. ಓದುತ್ತ ಓದುತ್ತ ಅವರ ಮುಖ ಸಪ್ಪಗಾಯಿತು.

“ಶುಗರ್ ಸುದ್ದಿ ನಾ ಇನ್ನಾ ಮನ್ಯಾಗ ಸೈತ ಹೇಳಿಲ್ಲೋ ಮಾರಾಯಾ! ಇವರ ಗುಟ್ಟು ಇಪ್ಪತ್ತು ವರ್ಷದಿಂದ ನಾ ಕಾಯಾಕತ್ತೀನಿ. ನನ್ನ ಗುಟ್ಟು ಕಾಯಾವ್ರು ಒಬ್ಬರೂ ಇಲ್ಲಲ್ಲೋ!”

ತೊರವಿಯ ಫೋಟೋ

ಪತ್ರಿಕೆಯ ಮುಖಪುಟಕ್ಕೆ ಎಲ್ಲ ಸದಸ್ಯರೂ ಇರುವ ಫೋಟೋ ಬೇಕಿತ್ತು. ಹುಡುಕಿದರೆ ಸಿಕ್ಕಿದ್ದು ಒಂದೇ. ತೊರವಿಯಲ್ಲಿ ನಾವು ಸಕ್ಕರೆ ಕಾಯಿಲೆಯ ಶಿಬಿರ ಮಾಡಿದ ದಿನದ್ದು. ಹಿಂದೆ ‘ಸಿಹಿ ಬಿಡಿ’ ಎಂಬ ಬ್ಯಾನರು, ಮುಂದೆ ಸಾಲಾಗಿ ನಾವು, ಎಲ್ಲರ ಕೈಯಲ್ಲೂ ಶೇಂಗಾ ಹೋಳಿಗೆ.

ತಪ್ಪು ನಮ್ಮದಲ್ಲ. ಶಿಬಿರ ಮುಗಿದ ಮೇಲೆ ಊರಿನವರು ಪ್ರೀತಿಯಿಂದ ಕೊಟ್ಟದ್ದು, ಒಲ್ಲೆ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಬೆಳಿಗ್ಗೆಯಿಂದ ನಮ್ಮಿಂದ ಬೈಸಿಕೊಂಡಿದ್ದ ಒಬ್ಬ ಅಜ್ಜ ನಮ್ಮೆದುರು ನಿಂತು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

“ಮುಂಜಾನಿಂದ ನಮಗ್ಯಾಕ ಬ್ಯಾಡ ಬ್ಯಾಡ ಅನ್ನಾಕತ್ತಿದ್ರಿ ಅಂತ ಈಗ ತಿಳೀತ ನೋಡ್ರಿ. ನಿಮಗ ಕಡಿಮಿ ಬೀಳತಿದ್ವು.”

ಹಾಜರಿ

ಸಭೆಯ ದಿನ ಭಾನುವಾರ. ಒಬ್ಬರಾದರೂ ತಪ್ಪಿಸಿಕೊಳ್ಳಲಿ ಎಂದು ಬೆಳಿಗ್ಗೆ ಮನೆದೇವರಿಗೆ ಕೈಮುಗಿದೇ ಹೊರಟಿದ್ದೆ. ಹಾಲ್‌ಗೆ ಬಂದು ನೋಡಿದರೆ ಕಾಲಿಡಲು ಜಾಗವಿಲ್ಲ. ಉಪನ್ಯಾಸಕ್ಕೆ ಕರೆದರೆ ಹನ್ನೆರಡು ಜನ ಬರುವ ಸಂಘ ಇದು. ಕಾರ್ಯದರ್ಶಿ ಆಗಬೇಕಾದೀತೆಂಬ ಹೆದರಿಕೆಗೆ ಪೂರ್ತಿ ನೆರೆದಿತ್ತು. ಜ್ವರ ಬಂದವರು ಶಾಲು ಹೊದ್ದು ಬಂದಿದ್ದರು. ಟಿಕೋಟಾದವರು ಬಾಗಿಲಿಗೆ ಬೀಗ ಹಾಕಿ ಬಂದಿದ್ದರು. ಬಬಲೇಶ್ವರದವರು ಚೀಟಿ ಬರೆಯುವ ಬಾಯಿಗೆ ರಜೆ ಕೊಟ್ಟೇ ಬಂದಿದ್ದರು.

ನಮ್ಮ ಅಧ್ಯಕ್ಷರು ಎಲ್ಲರಿಗಿಂತ ಹಿರಿಯರು, ನಮ್ಮಲ್ಲಿ ಅರ್ಧ ಜನಕ್ಕೆ ಸೂಜಿ ಹಿಡಿಯಲು ಕಲಿಸಿದವರು. ಪಟ್ಟಿ ಹಿಡಿದು ಕೂಗತೊಡಗಿದರು. ಒಂದೊಂದು ಹೆಸರಿಗೂ ‘ಹಾಜರ್!’ ಎಂಬ ಕೂಗು ಹಾಲ್ ನಡುಗುವಂತೆ ಬರುತ್ತಿತ್ತು. ಒಂದೊಂದು ಕೂಗಿಗೂ ಟ್ರಂಕು ನನ್ನ ಮನೆಯಲ್ಲಿ ಇನ್ನೊಂದಿಷ್ಟು ಗಟ್ಟಿಯಾಗಿ ಕೂತಂತೆ ಅನ್ನಿಸುತ್ತಿತ್ತು. ಹತ್ತು ಹೆಸರು ಉಳಿದವು, ಎಂಟು ಉಳಿದವು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಅಜ್ಜಿ ಕಾಣಿಸಿದಳು. ಕನಮಡಿಯವಳು, ನನ್ನ ಹಳೆಯ ಪೇಶಂಟ್. ಚೌಕಟ್ಟು ಹಿಡಿದು ನಿಂತು ಸಭೆಯನ್ನೆಲ್ಲ ನೋಡಿದಳು.

“ಯಪ್ಪಾ, ಎಲ್ಲಾರೂ ಇಲ್ಲೇ ಕುಂತೀರಿ? ಟಿಕೋಟಾಕ್ಕ ಹೋದೆ, ಕೀಲಿ. ಇಲ್ಲಿಗೆ ಬಂದೆ, ನಿಂದೂ ಕೀಲಿ. ಔಷಧ ಅಂಗಡ್ಯಾಂವ ಇಲ್ಲಿ ಅದಾರ ಅಂದ. ತಲಿ ಗಿರ್ರ್ ಅನ್ನಾಕತ್ತೈತಿ ನೋಡೋ.”

ಎಲ್ಲ ತಲೆಗಳೂ ಬಾಗಿಲ ಕಡೆ ತಿರುಗಿದವು. ಯಾರೂ ಕುರ್ಚಿ ಬಿಡಲಿಲ್ಲ. ಹಾಜರಿ ಮುಗಿಯುವ ಮೊದಲು ಹೊರಗೆ ಹೋದರೆ ಮೂರು ವರ್ಷದ ಶಿಕ್ಷೆ ಎಂಬ ಹೆದರಿಕೆ ಆಗಲೇ ‘ಹಾಜರ್’ ಅಂದವರಿಗೂ ಇತ್ತು. ಕೊನೆಗೆ ನಾನೇ ಎದ್ದು, ಅವಳನ್ನು ಕೈಹಿಡಿದು ಒಳಗೇ ಕರೆತಂದು ವೇದಿಕೆಯ ಮೇಲೆ ಮಾಲೆ ಇಟ್ಟಿದ್ದ ಮೇಜಿನ ಪಕ್ಕ ಕೂರಿಸಿದೆ. ಆಗ ಎಲ್ಲರಿಗೂ ಧೈರ್ಯ ಬಂತು, ಮುತ್ತಿಕೊಂಡರು. ಕಿವಿಯ ಡಾಕ್ಟರು ಇದು ಕಿವಿಯದು ಅಂದರು. ಎಲುಬಿನವರು ಕುತ್ತಿಗೆಯದು ಅಂದರು. ಕಣ್ಣಿನ ಸಾಹೇಬರು ಅವಳ ಕಣ್ಣರೆಪ್ಪೆ ಎತ್ತಿ ಕನ್ನಡಕ ಬದಲಿಸಬೇಕು ಅಂದರು. ಮಕ್ಕಳ ಡಾಕ್ಟರಿಗೆ ಏನೂ ತೋಚದೆ ಅವಳ ಕೈಗೊಂದು ಚಾಕಲೇಟ್ ಇಟ್ಟರು.

ಅಜ್ಜಿ ಸುತ್ತಲೂ ಕಣ್ಣಾಡಿಸಿದಳು. ಅವಳ ದನಿ ಸಣ್ಣಗಾಯಿತು. “ಇಷ್ಟು ಡಾಕ್ಟ್ರು ಕೂಡೀರಂದ್ರ ನಾ ಉಳ್ಯಾಂಗಿಲ್ಲ ಅಂತಾತು. ಮಗಗ ಫೋನ್ ಹಚ್ಚ್ರಿ.”

“ಸರೀರಿ ಎಲ್ಲಾರೂ! ಮೊದಲ ಬಿ.ಪಿ. ನೋಡ್ರಿ” ಎಂದು ಅಧ್ಯಕ್ಷರು ಗದರಿದರು. ಅಷ್ಟು ಜನ ಡಾಕ್ಟರಲ್ಲಿ ಒಬ್ಬರ ಹತ್ತಿರವೂ ಬಿ.ಪಿ. ಮಷೀನ್ ಇರಲಿಲ್ಲ. “ನನ್ನ ಗಾಡ್ಯಾಗ ಐತಿ, ತರ್ತೀನಿ ತಡೀರಿ. ಅಲ್ಲೀತನಕಾ ನೀ ಹಾಜರಿ ಮುಗಸು” ಎಂದು ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಆ ವಯಸ್ಸಿನಲ್ಲೂ ದಡದಡ ಹೊರಗೆ ನಡೆದರು. ಪೇಶಂಟ್ ಎದುರಿಗಿದ್ದರೆ ಅವರಿಗೆ ಬೇರೇನೂ ನೆನಪಿರುವುದಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವವಿದೆ.

ಅಷ್ಟು ಗೌರವ ಇದ್ದೂ ನಾನು ಅವರನ್ನು ತಡೆಯಲಿಲ್ಲ. ಪಟ್ಟಿಯ ಕೊನೆಯ ಹೆಸರು ಯಾರದೆಂದು ನನಗೆ ಆಗಲೇ ಕಂಡಿತ್ತು. ಬೇಗ ಬೇಗ ಕೂಗಿದೆ. ಏಳೂ ಜನ ‘ಹಾಜರ್’ ಅಂದರು. ಎಂಟನೆಯದನ್ನು, ಅಂದರೆ ಅಧ್ಯಕ್ಷರ ಹೆಸರನ್ನು, ಸ್ಪಷ್ಟವಾಗಿ ಕೂಗಿದೆ. ಉತ್ತರ ಬರಲಿಲ್ಲ. ನ್ಯಾಯಕ್ಕೆಂದು ಇನ್ನೊಮ್ಮೆ ಕೂಗಿದೆ, ಆದರೆ ಸ್ವಲ್ಪ ಮೆತ್ತಗೆ. ಟಿಕೋಟಾದವರು ಮೊದಲು ಚಪ್ಪಾಳೆ ಹಾಕಿದರು, ಆಮೇಲೆ ಇಡೀ ಹಾಲ್ ಹಾಕಿತು.

ಅಧ್ಯಕ್ಷರು ಒಳಗೆ ಬಂದವರು ಚಪ್ಪಾಳೆಯ ಕಡೆ ಲಕ್ಷ್ಯವನ್ನೂ ಕೊಡದೆ ಅಜ್ಜಿಯ ತೋಳಿಗೆ ಮಷೀನಿನ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. ಆಮೇಲೆ ನಮ್ಮಲ್ಲಿ ಒಬ್ಬನೂ ಕೇಳದಿದ್ದ ಪ್ರಶ್ನೆ ಕೇಳಿದರು. “ಯವ್ವಾ, ಮುಂಜಾನಿಂದ ಏನರೆ ಉಂಡೀಯೇನು?”

“ಎಲ್ಲಿ ಉಣ್ಣೂದೋ ಯಪ್ಪಾ? ನಿಮ್ಮನ್ನ ಹುಡುಕೂದ್ರಾಗ ಹೊತ್ತು ಹೋತು.”

ಸಭೆಯ ಊಟದ ಮೊದಲ ತಾಟು ಅಜ್ಜಿಗೆ ಹೋಯಿತು. ಎರಡು ರೊಟ್ಟಿ, ಎಣಗಾಯಿ ಮುಗಿಯುವಷ್ಟರಲ್ಲಿ ಅವಳ ತಲೆ ಗಿರ್ರ್ ಅನ್ನುವುದು ನಿಂತಿತು. ಅಧ್ಯಕ್ಷರಿಗೆ ಸುದ್ದಿ ಹೇಳಿದಾಗ ಅವರದು ಶುರುವಾಯಿತು. ಆದರೂ ದೊಡ್ಡ ಮನುಷ್ಯ, “ನಿಯಮ ಮಾಡಿದಾಂವ ನಾನ. ಒಲ್ಲೆ ಅನ್ನಾಕ ಬರೂದಿಲ್ಲ. ಟ್ರಂಕ್ ಕಳಸು” ಎಂದರು.

ಅವರು ಮನಸ್ಸು ಬದಲಿಸುವ ಮೊದಲೇ ಎಂದು ಮರುದಿನ ಬೆಳಿಗ್ಗೆ ಟಂಟಂ ಗಾಡಿಯಲ್ಲಿ ಟ್ರಂಕು, ದೀಪ, ಬ್ಯಾನರು ಹೇರಿಕೊಂಡು ಅವರ ಮನೆಗೆ ಹೋದೆ. ಹೊರಡುವಾಗ ಹೆಂಡತಿ ಖೋಲಿಯ ನೆಲ ಒರೆಸುತ್ತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ನೋಡಿ ಅಷ್ಟು ಚೆಂದ ನಕ್ಕಳು, ನನಗೂ ಕಣ್ಣು ತುಂಬಿತು.

ಬಾಗಿಲು ತೆರೆದವರು ಅಧ್ಯಕ್ಷರ ಹೆಂಡತಿ, ನಾವೆಲ್ಲ ಚಿಕ್ಕಮ್ಮನಂತೆ ‘ಕಾಕು’ ಎಂದು ಕರೆಯುವವರು. ಟ್ರಂಕು ನೋಡಿದವರೇ ಸೊಂಟಕ್ಕೆ ಕೈಯಿಟ್ಟು ನಿಂತರು. ನಾನು ತೊದಲುತ್ತ ನಿಯಮ, ಹಾಜರಿ, ಅಜ್ಜಿ ಎಲ್ಲ ಹೇಳಿದೆ.

“ಆ ನಿಯಮದ ಸುದ್ದಿ ನನಗ ಹೇಳತಿಯೇನು?” ಎಂದರು ಕಾಕು. “ಇವರು ಕಾರ್ಯದರ್ಶಿ ಇದ್ದಾಗ ಹದಿನೈದು ವರ್ಷ ಈ ಟ್ರಂಕ್ ನಮ್ಮ ಮನ್ಯಾಗ ಇತ್ತು. ಇದು ಹೊರಗ ಹೋಗವಲ್ದು ಅಂತ ನಾ ಇವರ ಬಾಜೂಕ ಕುಂತು ಆ ನಿಯಮ ಬರಿಸಿದ್ದೆ!”

ನಾನು ತಲೆ ತಗ್ಗಿಸಿ ಎಲ್ಲಿ ಇಡಲಿ ಎಂದು ಕೇಳಿದೆ. ಕಾಕು ಬಾಗಿಲಿನಿಂದ ಸರಿದು ನಿಂತರು.

“ಒಳಗ ಬಿಡು. ಅದರ ಜಾಗಾ ಅದಕ್ಕ ಗೊತ್ತೈತಿ.”